ಮೊಣಕಾಲು ನೆಟ್ಟಗಾಯಿತು, ಹಿಮ್ಮಡಿ ಕೇಳಲಿಲ್ಲ

ನನ್ನ ಮೊಮ್ಮಗಳು ಸುಶೀಲಾಳ ಕಾಲು ಬಾಗಿದೆ ಎಂದು ನನಗೆ ಮೊದಲು ಹೇಳಿದ್ದು ಅವಳ ಚಪ್ಪಲಿ.

ನಾನು ಚಪ್ಪಲಿ ಹೊಲಿಯುವವನು. ಅಥಣಿ ಕಡೆಯವನು. ಮುಂಬೈಯ ಘಾಟ್ಕೋಪರ್ ಸ್ಟೇಷನ್ನಿನ ಸೇತುವೆ ಇಳಿದು ಎಡಕ್ಕೆ ಹೊರಳಿದರೆ ಗೋಡೆಗೆ ಒರಗಿ ನನ್ನ ಪೆಟ್ಟಿಗೆ ಇದೆ, ಪೆಟ್ಟಿಗೆಯ ಹಿಂದೆ ನಾನು. ಇಪ್ಪತ್ತೆರಡು ವರ್ಷ ಅಲ್ಲೇ ಕೂತಿದ್ದೇನೆ. ಜನರ ಮುಖಕ್ಕಿಂತ ಅವರ ಚಪ್ಪಲಿಯ ಅಟ್ಟೆ ನನಗೆ ಹೆಚ್ಚು ಪರಿಚಯ. ಹಿಮ್ಮಡಿ ಸವೆದಿದ್ದರೆ ಕಾಲೆಳೆದು ನಡೆಯುವ ಮನುಷ್ಯ. ಮುಂಗಾಲು ಸವೆದಿದ್ದರೆ ದಿನಾ ಲೋಕಲ್ ಹಿಡಿಯಲು ಓಡುವವನು. ಸುಶೀಲಾ ನಾಲ್ಕು ವರ್ಷದವಳಿದ್ದಾಗ ಒಂದು ದಿನ ಅವಳ ಪುಟ್ಟ ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಎರಡರಲ್ಲೂ ಹೊರಗಿನ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಒಳಗಿನ ಅಂಚಿನಲ್ಲಿ ನಾನು ಹಾಕಿದ ಹೊಲಿಗೆ ಹೊಸದರ ಹಾಗೇ ಇತ್ತು.

ಅವಳನ್ನು ಕರೆದು ನೆಟ್ಟಗೆ ನಿಲ್ಲಿಸಿದೆ. ಎರಡು ಕಾಲಿನ ಹರಡುಗಳು, ಅಂದರೆ ಪಾದದ ಮೇಲಿನ ಆ ಗಂಟುಗಳು, ಒಂದಕ್ಕೊಂದು ತಾಗಿದ್ದವು. ಮೊಣಕಾಲುಗಳ ನಡುವೆ ನನ್ನ ಮುಷ್ಟಿ ಸಲೀಸಾಗಿ ತೂರಿತು.

"ಎಲ್ಲಾ ಹುಡುಗೂರದೂ ಹಂಗ ಇರ್ತಾವ್ರಿ ಮಾವಾರ, ಬೆಳೀತಾ ಬೆಳೀತಾ ಸರಿ ಆಕ್ಕಾವ" ಎಂದಳು ಸೊಸೆ ಮಾಲವ್ವ. ನಾನೂ ಹಾಗೇ ನಂಬಿದೆ. ನಂಬಿದರೂ ಕೈ ಸುಮ್ಮನಿರಬೇಕಲ್ಲ. ಹೊರಗಿನ ಅಂಚಿಗೆ ಒಂದು ತೊಗಲಿನ ಪಟ್ಟಿ ಹೆಚ್ಚಿಗೆ ಕೂರಿಸಿ, ಅಟ್ಟೆಯನ್ನು ಆ ಕಡೆ ಒಂದು ಗೋಧಿ ಕಾಳಿನಷ್ಟು ಎತ್ತರ ಮಾಡಿ ಹೊಲಿದುಕೊಟ್ಟೆ. ಅದಕ್ಕೆ ಏರುಪಟ್ಟಿ ಎಂದು ನಾನೇ ಹೆಸರಿಟ್ಟೆ. ಪಾದ ಬೆಳೆದ ಹಾಗೆ ಆರು ತಿಂಗಳಿಗೊಂದು ಹೊಸ ಜೋಡಿ, ಪ್ರತಿ ಜೋಡಿಗೂ ಹೊಸ ಏರುಪಟ್ಟಿ. ಐದು ವರ್ಷ ಹೀಗೆ ನಡೆಯಿತು. ಕಾಲು ಮಾತ್ರ ಬಾಗುತ್ತಲೇ ಹೋಯಿತು.

ನಾವಿದ್ದ ಚಾಳಿನ, ಅಂದರೆ ಸಾಲುಮನೆಗಳ, ಹುಡುಗರು ಅವಳು ಅಂಗಳಕ್ಕೆ ಬಂದರೆ ಸಾಕು, "ಗೋಲ್‌ಪೋಸ್ಟ್ ಆಲೀ ರೇ!" ಎಂದು ಕೂಗಿ ರಬ್ಬರ್ ಚೆಂಡನ್ನು ಅವಳ ಕಾಲುಗಳ ನಡುವೆ ಉರುಳಿಸುತ್ತಿದ್ದರು. ಅವಳೂ ಜೋರಿನವಳೇ. ಚೆಂಡನ್ನು ಕಸಿದುಕೊಂಡು ಗಟಾರಕ್ಕೆ ಎಸೆದು ಬರುತ್ತಿದ್ದಳು. ಮನೆಗೆ ಬಂದ ಮೇಲೆ ಅಳುತ್ತಿದ್ದಳು.

ಡಿಸ್ಪೆನ್ಸರಿಯ ಡಾಕ್ಟರು ನೋಡಿ, ಎಳೆತನದಲ್ಲಿ ಮೂಳೆ ಮೆತ್ತಗಾಗಿತ್ತು, ಬಿಸಿಲು ಸಾಲಲಿಲ್ಲ, ಅದಕ್ಕೇ ಮೈಭಾರಕ್ಕೆ ಬಾಗಿದೆ ಎಂದರು. ನಮ್ಮದು ಕೆಳ ಅಂತಸ್ತಿನ ಖೋಲಿ. ಬೆಳಿಗ್ಗೆಯೂ ದೀಪ ಹಚ್ಚಬೇಕು. ಎರಡು ವರ್ಷ ಟಾನಿಕ್ ಕುಡಿಸಿದೆವು, ದಿನಾ ಟೆರೇಸಿನ ಮೇಲೆ ಬಿಸಿಲಿಗೆ ಕೂರಿಸಿದೆವು. ಮೂಳೆ ಗಟ್ಟಿಯಾಯಿತು. ಆದರೆ ಬಾಗಿದ ಹಾಗೇ ಗಟ್ಟಿಯಾಯಿತು.

ಎಪ್ಪತ್ತೊಂದರ ಯುದ್ಧ ಮುಗಿದು, ಬ್ಲ್ಯಾಕೌಟಿಗೆಂದು ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಕಿತ್ತು ಹಾಕಿದ ದಿನಗಳವು. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಹಿರಿಯ ಡಾಕ್ಟರರು ಮರಾಠಿಯವರು. ಅವರ ಮಾತು ನನಗೆ ಚೆನ್ನಾಗಿ ತಿಳಿಯುತ್ತದೆ. ಎಕ್ಸ್-ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಮೊಣಕಾಲಿನ ಕೆಳಗೆ ಮೂಳೆ ಕತ್ತರಿಸಿ ನೆಟ್ಟಗೆ ಕೂರಿಸಿ ಪ್ಲಾಸ್ಟರ್ ಹಾಕಬೇಕು ಎಂದರು. ಮೊದಲು ಬಲಗಾಲು. ಅದು ಕೂಡಿಕೊಂಡು ನಡೆದಾಡುವಂತಾದ ಮೇಲೆ ಎಡಗಾಲು.

"ಆಪರೇಷನ್ ಮಾಡದಿದ್ದರೆ?" ಎಂದು ಕೇಳಿದ ನನ್ನ ಮಗ ಪರಸು.

"ಇಪ್ಪತ್ತು ವರ್ಷಕ್ಕೇ ಮುದುಕಿಯ ಮೊಣಕಾಲು ಬರುತ್ತದೆ."

ಪರಸು ಮಿಲ್ಲಿನಲ್ಲಿ ಕೆಲಸ ಮಾಡುವವನು, ಮಾತು ಕಡಿಮೆ. ನಾನು ಹಟ ಹಿಡಿದ ಮೇಲೆ ಸಹಿ ಮಾಡಿದ. ಮಾಲವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ತೊಡೆಯಿಂದ ಪಾದದವರೆಗೆ ಬಿಳೀ ಪ್ಲಾಸ್ಟರ್. ಹೊರಗೆ ಕಾಣುತ್ತಿದ್ದದ್ದು ಐದು ಬೆರಳು ಮಾತ್ರ. ನರ್ಸ್ ಗಂಟೆಗೊಮ್ಮೆ ಬಂದು ಆ ಬೆರಳುಗಳನ್ನೇ ಮಾತಾಡಿಸುತ್ತಿದ್ದಳು. ಮೊಣಕಾಲಿಗೆ ಆಪರೇಷನ್ ಆದರೆ ಬೆರಳನ್ನು ಏಕೆ ನೋಡುತ್ತಾರೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಮಾರನೆಯ ದಿನ ಮಧ್ಯಾಹ್ನ ನರ್ಸ್ ಹೇಳಿದಳು, "ಹೆಬ್ಬೆರಳು ಮೇಲೆತ್ತು ಮಗು."

ಎತ್ತಲು ಆಗಲಿಲ್ಲ.

ಸುಶೀಲಾ ಹಲ್ಲು ಕಚ್ಚಿ ಪ್ರಯತ್ನ ಮಾಡಿದಳು. ಬೆರಳು ಬೇರೆ ಯಾರದೋ ಎಂಬಂತೆ ಬಿದ್ದುಕೊಂಡಿತ್ತು. ನರ್ಸ್ ಓಡಿದಳು, ಡಾಕ್ಟರರು ಬಂದರು. ಒಳಗೆ ಬಾವು ಬಂದು ಪ್ಲಾಸ್ಟರ್ ಬಿಗಿಯಾಗಿದೆ, ಪಾದವನ್ನು ಎತ್ತುವ ನರ ಮೊಣಕಾಲಿನ ಪಕ್ಕದಲ್ಲೇ ಹಾದುಹೋಗುತ್ತದೆ, ಅದು ಒತ್ತಿಕೊಂಡಿರಬಹುದು ಎಂದರು. ಆಗಲೇ ಪ್ಲಾಸ್ಟರನ್ನು ಉದ್ದಕ್ಕೂ ಸೀಳಿ ಸಡಿಲ ಮಾಡಿದರು. ಎರಡು ದಿನ ನಾನು ಆ ಬೆರಳು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಚಹಾದಲ್ಲಿ ಪಾವ್ ಅದ್ದಿ ತಿನ್ನುತ್ತಿದ್ದವಳು, "ಅಜ್ಜಾ, ದೇಖ್" ಎಂದಳು. ಹೆಬ್ಬೆರಳು ಹೌದೋ ಅಲ್ಲವೋ ಎಂಬಷ್ಟು ಮೇಲೆದ್ದು ಬಿತ್ತು. ನಾನು ವಾರ್ಡಿನಲ್ಲಿ ಎಲ್ಲರೆದುರು ಚಪ್ಪಾಳೆ ಹೊಡೆದುಬಿಟ್ಟೆ. ಮೊಣಕಾಲು, ಹರಡು, ಬೆರಳು ಎಲ್ಲ ಒಂದೇ ಹಗ್ಗಕ್ಕೆ ಕಟ್ಟಿದ ವಸ್ತುಗಳು ಎಂದು ನನಗೆ ಅವತ್ತು ಅರ್ಧ ತಿಳಿಯಿತು. ಉಳಿದ ಅರ್ಧ ತಿಳಿಯಲು ಇನ್ನೂ ಬಹಳ ದಿನ ಬೇಕಾಯಿತು.

ಎಂಟು ವಾರ ಪ್ಲಾಸ್ಟರ್. ಆ ಎಂಟು ವಾರ ನಾನು ಅವಳಿಗಾಗಿ ಒಂದು ಜೋಡಿ ಚಪ್ಪಲಿ ಮಾಡಿದೆ. ನನ್ನ ಕೈಯಿಂದ ಅಂಥ ಕೆಲಸ ಹಿಂದೆ ಬಂದಿರಲಿಲ್ಲ. ಒಳ್ಳೆಯ ಎಮ್ಮೆ ತೊಗಲು ತಂದು ನೆನೆಸಿ, ಬಡಿದು, ತೊಗಲಿನ ದಾರದಲ್ಲೇ ಹೊಲಿದೆ. ಮೇಲೆ ಕೆಂಪು ಗೊಂಡೆ. ಮತ್ತು ಹೊರಗಿನ ಅಂಚಿಗೆ, ಎರಡಕ್ಕೂ, ಏರುಪಟ್ಟಿ. ಅದನ್ನು ನಾನು ಯೋಚಿಸಿ ಹಾಕಲಿಲ್ಲ. ಐದು ವರ್ಷ ಅವಳ ಚಪ್ಪಲಿ ಎಂದರೆ ಏರುಪಟ್ಟಿ ಎಂದೇ ಕೈಗೆ ಪಾಠವಾಗಿತ್ತು. ಎಡಗಾಲು ಇನ್ನೂ ಬಾಗಿದೆ, ಅದಕ್ಕಂತೂ ಬೇಕು. ಎಡಕ್ಕೆ ಇದ್ದ ಮೇಲೆ ಬಲಕ್ಕೂ ಇರಬೇಕು. ನಮ್ಮ ಕಸುಬಿನಲ್ಲಿ ಎಡ ಬಲ ತಕ್ಕಡಿಯಲ್ಲಿ ಸಮ ತೂಗಬೇಕು. ಒಂದು ಹೆಚ್ಚು ಒಂದು ಕಡಿಮೆ ಮಾಡಿದವನನ್ನು ನಮ್ಮಪ್ಪ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಕಂಡ ಕಾಲು ಕಡ್ಡಿಯಂತಿತ್ತು. ಸಿಪ್ಪೆ ಏಳುತ್ತಿತ್ತು. ಆದರೆ ನೆಟ್ಟಗಿತ್ತು!

ಮೊಣಕಾಲಿನಿಂದ ಕೆಳಗೆ ದಾರ ಹಿಡಿದು ಗೆರೆ ಎಳೆದ ಹಾಗೆ ನೆಟ್ಟಗೆ. ಮಾಲವ್ವ ಆ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು. ಪರಸು ಹೊರಗೆ ಹೋಗಿ ಪೇಡೆ ತಂದು ವಾರ್ಡಿನವರಿಗೆಲ್ಲ ಹಂಚಿದ.

ಹರಡು ಮಾತ್ರ ಬಿಗಿದುಕೊಂಡಿತ್ತು. ಪಾದ ಮೇಲೂ ಬಾರದು, ಕೆಳಗೂ ಹೋಗದು. ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಬರಬೇಕೆಂದರು. ಅಲ್ಲಿ ವ್ಯಾಯಾಮ ಮಾಡಿಸುವವರು ಒಬ್ಬ ಪಾರ್ಸಿ ಹೆಂಗಸು, ಎಲ್ಲರೂ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದರು. ಕನ್ನಡಕ, ಗಂಡಸಿನಂಥ ದನಿ. ಅವರು ಮೊದಲ ದಿನವೇ ಸುಶೀಲಾಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ್ದು ನೋಡಿ ನನಗೆ ಬಹಳ ಮೆಚ್ಚಿಗೆಯಾಯಿತು. ಒಣಗಿ ಸೆಟೆದ ತೊಗಲನ್ನು ನಾವೂ ಹಾಗೇ ದಾರಿಗೆ ತರುತ್ತೇವೆ. ಜಗ್ಗಿದರೆ ಸೀಳುತ್ತದೆ. ನೆನೆಸಿ, ನೀವಿ, ಕಾಯಬೇಕು.

ಹರಡು ಸಡಿಲವಾಯಿತು. ಸುಶೀಲಾ ಗೋಡೆ ಹಿಡಿದು ನಡೆದಳು, ಗೋಡೆ ಬಿಟ್ಟೂ ನಡೆದಳು. ನಾನು ಮಾಡಿದ ಚಪ್ಪಲಿ ಹಾಕಿಕೊಂಡು ಚಾಳಿನ ಆ ತುದಿಯಿಂದ ಈ ತುದಿಗೆ ಗೊಂಡೆ ಕುಣಿಸುತ್ತ ಓಡಾಡಿದಳು.

ಹದಿನೈದು ದಿನ ಕಳೆದಿರಬೇಕು. ಸ್ಟೇಷನ್ನಿಗೆ ನನಗೆ ಬುತ್ತಿ ತಂದವಳು ಪೆಟ್ಟಿಗೆಯ ಮೇಲೆ ಕೂತು ಬಲಗಾಲಿನ ಹರಡನ್ನು ಒತ್ತಿಕೊಂಡಳು. "ಅಜ್ಜಾ, ಇಲ್ಲಿ ದುಖತೈತಿ." ಮರಾಠಿ ಅರ್ಧ, ಕನ್ನಡ ಅರ್ಧ. ಹರಡಿನ ಒಳಗಡೆ ನಿಂಬೆಹಣ್ಣಿನಷ್ಟು ಬಾವು.

ಹಿಂದಿನಿಂದ ನೋಡಿದೆ. ಮೊಣಕಾಲು ನೆಟ್ಟಗಿದೆ. ಕೆಳಗೆ ಹಿಮ್ಮಡಿ ಹೊರಕ್ಕೆ ಸರಿದು, ಹರಡು ಒಳಕ್ಕೆ ವಾಲಿ, ಪಾದ ಒಳ ಅಂಚಿನ ಮೇಲೆ ಕುಸಿದಿದೆ.

ಮನೆಯಲ್ಲಿ ಮಾಲವ್ವ ಅದನ್ನು ನೋಡಿದವಳೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. "ಕಾಲ ನೆಟ್ಟಗ ಮಾಡ್ತೇವಿ ಅಂದ್ರು, ಪಾದಾನ ಸೊಟ್ಟ ಮಾಡಿ ಕಳಿಸ್ಯಾರ. ಮೊದಲ ಎರಡೂ ಒಂದ ನಮೂನಿ ಇದ್ವು, ನೋವರ ಇರಲಿಲ್ಲ. ಈಗ ಒಂದ ಕಾಲ ಅಕಡೆ, ಒಂದ ಕಾಲ ಇಕಡೆ. ಎಡಗಾಲಿಗೆ ಚಾಕು ಹಚ್ಚಾಕ ನಾ ಬಿಡಂಗಿಲ್ಲ."

"ಮಳಿಗಾಲದಾಗ ಬೆಡ್ ಕೊಡ್ತೇವಿ ಅಂದಾರ" ಎಂದ ಪರಸು. "ಬ್ಯಾಡ ಅಂದ್ರ ಮತ್ತ ಪಾಳಿ ಹಚ್ಚಬೇಕು. ಯಾವಾಗ ಬರ್ತೈತೋ ಏನೋ."

"ಬರದಿದ್ರ ಬ್ಯಾಡ! ನಿಮಗ ಏನಾಗಬೇಕು? ಅಕಿ ಕಾಲ ಅದು."

ಪರಸು ನನ್ನ ಕಡೆ ನೋಡಿದ. ಆಪರೇಷನ್ ಆಗಲೇಬೇಕು ಎಂದು ಹಟ ಹಿಡಿದವನು ನಾನೇ ಅಲ್ಲವೇ?

ನನಗೆ ಆ ದಿನಗಳಲ್ಲಿ ಅನ್ನ ಸೇರಲಿಲ್ಲ. ಒಂದು ಕಾಲು ನೆಟ್ಟಗೆ, ಒಂದು ಕಾಲು ಸೊಟ್ಟ. ಇದು ಹೀಗೇ ನಿಂತುಹೋದರೆ? ಹುಡುಗಿ ಒಂದು ಕಾಲು ಉದ್ದ ಒಂದು ಗಿಡ್ಡ ಎಂದು ಕುಂಟುತ್ತ, ಹರಡು ಒತ್ತಿಕೊಳ್ಳುತ್ತ ದೊಡ್ಡವಳಾದರೆ? ಅವಳಿಗೆ ಒಳ್ಳೆಯದು ಮಾಡಲು ಹೋಗಿ ಇದ್ದದ್ದನ್ನೂ ಕೆಡಿಸಿದೆನೇ? ಕೈಯಲ್ಲಿ ಯಾರದೋ ಚಪ್ಪಲಿ ಹಿಡಿದುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತಿದ್ದೆ. ಗಿರಾಕಿ "ಓ ಬಾಬಾ, ಸೋ ಗಯಾ ಕ್ಯಾ?" ಎಂದು ಎಬ್ಬಿಸಬೇಕು.

ಫಿಸಿಯೋಥೆರಪಿಯ ಬಾಯಿಗೂ ಇದು ಒಗಟಾಗಿತ್ತು. "ಇಲ್ಲಿ ನನ್ನೆದುರು ಸರಿಯಾಗಿಯೇ ನಡೆಯುತ್ತಾಳೆ. ಹೋಗುವಾಗ ಬಾವು ಇಳಿದಿರುತ್ತದೆ. ಮತ್ತೆ ಬರುವಾಗ ಏರಿರುತ್ತದೆ. ಮನೆಯಲ್ಲಿ ಏನು ಮಾಡುತ್ತೀರಿ ನೀವು?" ಎಂದು ನನ್ನನ್ನೇ ಗದರಿಸುತ್ತಿದ್ದರು.

ಏನು ಮಾಡುತ್ತೇವೆ? ಎಣ್ಣೆ ಹಚ್ಚಿ ನೀವುತ್ತೇವೆ. ಅಷ್ಟೇ.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಚಪ್ಪಲಿ ಮಾಡುವ ಜನ. ಯಾರ ಬಾಗಿಲಿಗೆ ಹೋದರೂ ಚಪ್ಪಲಿಯನ್ನು ಹೊರಗೇ, ದೂರದಲ್ಲೇ ಬಿಟ್ಟು ಬರುವುದು ನಮಗೆ ಹುಟ್ಟಿದಾಗಿನಿಂದ ಕಲಿಸಿದ ಪಾಠ. ಊರಲ್ಲಿ ಹಾಗೆ ಬಿಡಿಸುತ್ತಿದ್ದರು. ಮುಂಬೈಗೆ ಬಂದ ಮೇಲೆ ಯಾರೂ ಬಿಡು ಎನ್ನುವುದಿಲ್ಲ, ಆದರೂ ನನ್ನ ಕೈ ತಾನೇ ಬಿಚ್ಚುತ್ತದೆ. ಉಳಿದ ಮಕ್ಕಳು ಬೂಟು ಚಪ್ಪಲಿ ಹಾಕಿಕೊಂಡೇ ಆ ಕೋಣೆಗೆ ಬರುತ್ತಿದ್ದರು. ನಾನು ಮಾತ್ರ ಪ್ರತಿ ಸಲ ಮೆಟ್ಟಿಲ ಕೆಳಗೇ ಸುಶೀಲಾಳ ಚಪ್ಪಲಿ ಬಿಚ್ಚಿಸಿ, ಬರಿಗಾಲಲ್ಲಿ ಒಳಗೆ ಕರೆದುಕೊಂಡು ಹೋಗುತ್ತಿದ್ದೆ. ಬಾಯಿ ಒಂದು ದಿನವೂ ಆ ಚಪ್ಪಲಿಯನ್ನು ನೋಡಿರಲಿಲ್ಲ.

ಮಳೆಗಾಲ ಶುರುವಾಯಿತು. ಅವತ್ತು ಮೆಟ್ಟಿಲ ಮೇಲೆ ಹಿಮ್ಮಡಿ ಮುಳುಗುವಷ್ಟು ನೀರು. ಕೆಳಗೆ ಬಿಟ್ಟರೆ ತೇಲಿ ಹೋಗುತ್ತವೆ ಎಂದು ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದೆ.

"ಏನದು ಬಾಬಾ? ನನಗೆ ಮೀನು ತಂದಿದ್ದೀಯಾ?" ಎಂದರು ಬಾಯಿ.

"ಇಲ್ಲ ಬಾಯಿ, ಮಗುವಿನ ಚಪ್ಪಲಿ."

"ತೋರಿಸು."

ಪೇಪರ್ ಬಿಚ್ಚಿ ಕೈಯಲ್ಲೇ ಹಿಡಿದು ದೂರದಿಂದ ತೋರಿಸಿದೆ. ಅವರು ಕಸಿದುಕೊಂಡು ತಮ್ಮ ಟೇಬಲಿನ ಮೇಲೆ, ಬಿಳೀ ಬಟ್ಟೆಯ ಮೇಲೆ ಇಟ್ಟರು. ನನ್ನ ಜೀವ ಹೋದ ಹಾಗಾಯಿತು. "ಅಲ್ಲಿ ಬೇಡ ಬಾಯಿ" ಎನ್ನುತ್ತ ತೆಗೆಯಲು ಹೋದರೆ ನನ್ನ ಕೈ ಮೇಲೆ ಒಂದು ಏಟು ಹಾಕಿದರು. ಬಗ್ಗಿ, ಕನ್ನಡಕ ಮೇಲೆತ್ತಿ, ಚಪ್ಪಲಿಯನ್ನು ಹಿಂದಿನಿಂದ ನೋಡಿದರು. ಬಲಗಾಲಿನದನ್ನು ಎತ್ತಿ ನನ್ನ ಮೂಗಿಗೆ ಹಿಡಿದರು.

"ಯೇ ಕೌನ್ಸೇ ಗಧೇ ನೇ ಬನಾಯಾ?"

"ವೋ ಗಧಾ ಮೈಚ್ ಹೂಂ, ಬಾಯಿ." ಇದನ್ನು ಮಾಡಿದ ಕತ್ತೆ ನಾನೇ ಎಂದೆ.

 ಬಾಯಿ ಕೋಣೆ ಅದುರುವ ಹಾಗೆ ನಕ್ಕರು. ನಗು ಮುಗಿದ ಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದರು. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ. ನನ್ನಂಥ ಇನ್ನೊಬ್ಬ ಅಜ್ಜ ಇದೇ ತಪ್ಪು ಮಾಡಬಾರದು.

ಕಾಲು ಬಿಲ್ಲಿನಂತೆ ಬಾಗಿದ್ದಾಗ ಪಾದ ಹೊರ ಅಂಚಿನ ಮೇಲೆ ನೆಲಕ್ಕೆ ಬೀಳುತ್ತದೆ. ಹಾಗೇ ಬಿಟ್ಟರೆ ಮನುಷ್ಯ ನಿಲ್ಲಲಾರ. ಅದಕ್ಕೆ ಹಿಮ್ಮಡಿ ಉಪಾಯ ಮಾಡುತ್ತದೆ. ಹರಡಿನ ಕೆಳಗಿನ ಕೀಲಿನಲ್ಲಿ ತಾನೇ ಹೊರಕ್ಕೆ ಸರಿದು, ಪಾದವನ್ನು ಒಳಕ್ಕೆ ಮಡಿಸಿ, ಅಂಗಾಲನ್ನು ನೆಲಕ್ಕೆ ಹಚ್ಚುತ್ತದೆ. ಸುಶೀಲಾಳ ಹಿಮ್ಮಡಿ ಎಷ್ಟೋ ವರ್ಷ ಆ ಕೆಲಸ ಮಾಡಿದೆ. ಈಗ ಡಾಕ್ಟರರು ಮೇಲಿನ ಮೂಳೆಯನ್ನು ನೆಟ್ಟಗೆ ಮಾಡಿದ್ದಾರೆ. ಆ ಸುದ್ದಿ ಹಿಮ್ಮಡಿಗೆ ಇನ್ನೂ ಮುಟ್ಟಿಲ್ಲ. ಅದು ಹಳೇ ರೂಢಿಯಂತೆ ವಾಲಿಯೇ ಇದೆ. ಕೀಲು ಸಡಿಲವಿದ್ದರೆ ಕೆಲವು ತಿಂಗಳಲ್ಲಿ ತಾನೇ ನೇರಕ್ಕೆ ಬರುತ್ತದೆ, ಅವಳದು ಸಡಿಲವಾಗಿಯೇ ಇದೆ. ಆದರೆ ಹೊರ ಅಂಚು ಎತ್ತರ ಮಾಡಿದ ಚಪ್ಪಲಿ ದಿನವಿಡೀ ಅದನ್ನು ಮತ್ತಷ್ಟು ಒಳಕ್ಕೆ ತಳ್ಳುತ್ತಿದೆ. ಒಳಗಿನ ನರ ಜಗ್ಗಿ ಬಾವು ಬರುತ್ತಿದೆ.

"ಎಡಗಾಲಿಗೆ ನಿನ್ನ ಪಟ್ಟಿ ಇರಲಿ" ಎಂದರು ಬಾಯಿ. "ಬಲಗಾಲಿನದು ಇವತ್ತೇ ಕೀಳು. ಬದಲಿಗೆ ಒಳಗಡೆ, ಹಿಮ್ಮಡಿಯ ಕೆಳಗೆ ತೆಳ್ಳಗೆ ಒಂದು ಆಸರೆ ಕೊಡು. ಮೂರು ತಿಂಗಳಿಗೆ ಸಾಕು. ಮತ್ತೆ ಇನ್ನೊಂದು ಸಲ ಬರಿಗಾಲಲ್ಲಿ ಕರೆತಂದರೆ ನಿನ್ನನ್ನೇ ಆ ಬೆಂಚಿನ ಮೇಲೆ ಮಲಗಿಸಿ ವ್ಯಾಯಾಮ ಮಾಡಿಸುತ್ತೇನೆ."

ಒಂದು ಎಡ ಒಂದು ಬಲ, ಎರಡೂ ಬೇರೆ ಬೇರೆ. ನನ್ನ ಜೀವಮಾನದಲ್ಲೇ ಮಾಡದ ಕೆಲಸ. ಸ್ಟೇಷನ್ನಿಗೆ ಬಂದು ಪೆಟ್ಟಿಗೆ ತೆರೆದು, ಜನ ಮೈಮೇಲೆ ಹಾಯ್ದು ಓಡುತ್ತಿದ್ದಂತೆಯೇ ಆ ಪಟ್ಟಿಯ ಹೊಲಿಗೆಯನ್ನು ಬಿಚ್ಚಿದೆ. ನಾನೇ ಹಾಕಿದ ಹೊಲಿಗೆ, ಬಹಳ ಗಟ್ಟಿ, ಸುಲಭಕ್ಕೆ ಬರಲಿಲ್ಲ.  ಮೇಲಕ್ಕೆತ್ತಿ ನೋಡಿದೆ. ಅಸಲು ಕಸುಬುಗಾರ ಯಾರಾದರೂ ಕಂಡರೆ ಉಗಿಯುವಂಥ ಜೋಡಿ! ನನಗೋ ಕುಣಿಯುವಷ್ಟು ಸಂತೋಷ. ಆಪರೇಷನ್ ಕೆಟ್ಟಿಲ್ಲ. ಕೆಟ್ಟಿದ್ದು ನನ್ನ ಚಪ್ಪಲಿ.

ಮಾಲವ್ವನಿಗೆ ಹೇಳುವುದು ಕಷ್ಟವಾಯಿತು. ಹೇಳಿದೆ.

ಅವಳು ಜೋಳದ ಹಿಟ್ಟು ನಾದುತ್ತಲೇ ಅಂದಳು, "ಡಾಕ್ಟರನ್ನ ಬೈದೆ, ದೇವರನ್ನ ಬೈದೆ. ನಿಮ್ಮನ್ನ ಬೈಯೂದು ಒಂದ ಉಳದಿತ್ತು ನೋಡ್ರಿ ಮಾವಾರ."

"ಬೈಯವ್ವಾ."

"ಈಗ ರೊಟ್ಟಿ ಬಡೀಬೇಕು. ಪುರುಸೊತ್ತಿಲ್ಲ" ಎಂದಳು. ತುಟಿಯಂಚಿನಲ್ಲಿ ನಗು ಇತ್ತು. ಆದರೆ ಎಡಗಾಲಿನ ಮಾತು ಎತ್ತಲಿಲ್ಲ. "ಬಾವು ಇಳೀಲಿ, ಆಮ್ಯಾಲ ನೋಡೂಣು" ಎಂದಷ್ಟೇ ಹೇಳಿದಳು.

ಬಾವು ಒಮ್ಮೆಲೇ ಇಳಿಯಲಿಲ್ಲ. ಮೊದಲ ವಾರ ಅಷ್ಟೇ ಇತ್ತು. ಎರಡನೇ ವಾರ ಬೆಳಿಗ್ಗೆ ಕಾಣುತ್ತಿರಲಿಲ್ಲ, ಸಂಜೆ ಬರುತ್ತಿತ್ತು. ಬಾಯಿ ಹೊಸ ವ್ಯಾಯಾಮ ಕೊಟ್ಟಿದ್ದರು: ನೆಲದ ಮೇಲೆ ಹರಡಿದ ಗೋಲಿಗಳನ್ನು ಕಾಲ್ಬೆರಳಿನಿಂದ ಎತ್ತಿ ಡಬ್ಬಿಗೆ ಹಾಕಬೇಕು. ಅಂಗಾಲಿನ ಕಮಾನು ಗಟ್ಟಿಯಾಗುತ್ತದಂತೆ. ಸುಶೀಲಾಳಿಗೆ ಅದು ಆಟವಾಯಿತು. ನಾನೂ ಎದುರು ಕೂತು ಪಂದ್ಯ ಕಟ್ಟಿ ದಿನಾ ಸೋಲುತ್ತಿದ್ದೆ. "ಅಜ್ಜಾ, ತುಝಾ ಪಾಯ್ ಲಕಡಿ ಐತಿ" ಎಂದು ನನ್ನ ಕಾಲನ್ನು ಕಟ್ಟಿಗೆಗೆ ಹೋಲಿಸಿ ನಗುತ್ತಿದ್ದಳು. ಆರನೇ ವಾರ ಮಾಲವ್ವ ಅವಳನ್ನು ನಿಲ್ಲಿಸಿ ಹಿಂದಿನಿಂದ ನೋಡಿದಳು. ಕೂತು ನೋಡಿದಳು, ಬಗ್ಗಿ ನೋಡಿದಳು. ಹಿಮ್ಮಡಿ ಕಾಲಿನ ಕೆಳಕ್ಕೆ ಬಂದಿತ್ತು. ಪೂರ್ತಿ ಅಲ್ಲ, ಮುಕ್ಕಾಲು.

ಗಂಡನಿಗೆ ಹೇಳಿದಳು, "ಯಾವತ್ತು ಬೆಡ್ ಕೊಡ್ತಾರಂತ ಕೇಳಿ ಬರ್ರಿ."

ಪರಸು ಊಟದ ತಟ್ಟೆ ಬಿಟ್ಟು ಎದ್ದು ಹೊರಟ. "ಉಂಡು ಹೋಗ್ರಿ, ಆಸ್ಪತ್ರಿ ಓಡಿ ಹೋಗಂಗಿಲ್ಲ" ಎಂದು ಅವಳೇ ಕೂಗಿ ಕೂರಿಸಿದಳು.

ಎಡಗಾಲಿಗೂ ಆಪರೇಷನ್ ಆಯಿತು. ಸಹಿ ಹಾಕುವ ಜಾಗದಲ್ಲಿ ಪರಸುವಿನ ಕೆಳಗೆ ಮಾಲವ್ವ ತಾನೂ ಹೆಬ್ಬೆಟ್ಟು ಒತ್ತಿದಳು. ಯಾರೂ ಕೇಳಿರಲಿಲ್ಲ. ಈ ಸಲ ಬೆರಳುಗಳು ಮೊದಲ ದಿನದಿಂದಲೇ ಆಡಿದವು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಬಾಯಿಯನ್ನು ಕೇಳದೆ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಎರಡೂ ಚಪ್ಪಲಿಗೆ ಒಳಗಡೆ ಒಂದೊಂದು ತೆಳು ಆಸರೆ. ಆಮೇಲೆ ಅದನ್ನೂ ತೆಗೆಸಿದರು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾದೀತು. ಬಲ ಹಿಮ್ಮಡಿ ಇನ್ನೂ ಒಂದು ಎಳೆಯಷ್ಟು ಹೊರಗಿದೆ. ಜೀವನಪೂರ್ತಿ ಹಾಗೇ ಇರಬಹುದು ಎಂದು ಡಾಕ್ಟರರು ಹೇಳಿದ್ದಾರೆ. ರೇಷನ್ ಪಾಳಿಯಲ್ಲಿ ಬಹಳ ಹೊತ್ತು ನಿಂತರೆ ಹರಡು ನೋಯುತ್ತದೆ. ವರ್ಷಕ್ಕೊಮ್ಮೆ ತೋರಿಸಬೇಕು, ಬೆಳೆಯುವ ಮೂಳೆ ಮತ್ತೆ ಯಾವ ಕಡೆ ಹೋಗುತ್ತದೋ ಯಾರು ಕಂಡಿದ್ದಾರೆ. ಅದೆಲ್ಲ ಗೊತ್ತಿದ್ದೂ, ಬೆಳಿಗ್ಗೆ ಅವಳು ಎರಡು ಕಾಲು ಜೋಡಿಸಿ ನಿಂತು ಜಡೆ ಹೆಣೆಸಿಕೊಳ್ಳುವಾಗ ನಾನು ಚಹಾ ಆರಿಸಿಕೊಂಡು ನೋಡುತ್ತ ಕೂರುತ್ತೇನೆ. ಅರವತ್ತೆರಡು ವರ್ಷದ ಮುದುಕ, ನನಗೆ ಬೇರೆ ಏನು ಬೇಕು ಹೇಳಿ.

ಸಂಕ್ರಾಂತಿ ಕಳೆದ ಮೇಲೆ ಶಾಲೆಯಲ್ಲಿ ಡ್ರಿಲ್ಲಿಗೆ ಎಲ್ಲ ಹುಡುಗಿಯರೂ ಬಿಳೀ ಕ್ಯಾನ್ವಾಸ್ ಬೂಟು ಹಾಕಬೇಕು ಎಂದು ಹೇಳಿ ಕಳಿಸಿದರು. ಇಷ್ಟು ದಿನ ಸುಶೀಲಾಳಿಗೆ ಡ್ರಿಲ್ ಬೇಡ ಎಂದು ಚೀಟಿ ಇತ್ತು. ಬಾಯಿಯನ್ನು ಕೇಳಿದೆವು. "ಹಾಕಲಿ. ಅಂಗಡಿಯ ಬೂಟು ಸಾಕು" ಎಂದರು. ಬೂಟಿನ ಅಂಗಡಿಯೊಳಗೆ ಗಿರಾಕಿಯಾಗಿ ನಾನು ಹೋದದ್ದು ಅದೇ ಮೊದಲು. ಅಂಗಡಿಯವನು ಮಂಡಿಯೂರಿ ಕೂತು, "ಕೌನ್ಸಾ ನಂಬರ್, ಬೇಬಿ?" ಎಂದ. ನಮಗೆ ನಂಬರ್ ಗೊತ್ತಿಲ್ಲ. ಅವಳ ಪಾದಕ್ಕೆ ನಂಬರ್ ಇರಲೇ ಇಲ್ಲ, ನನ್ನ ಗೇಣೇ ಅವಳ ಅಳತೆ. ಅವನು ಅಳತೆಪಟ್ಟಿಯ ಮೇಲೆ ಪಾದ ಇಡಿಸಿ ನೋಡಿ, ಒಂದು ಡಬ್ಬ ತಂದ, ಲೇಸ್ ಕಟ್ಟಿದ, ನಡೆದು ತೋರಿಸು ಎಂದ.

ಸುಶೀಲಾ ಕನ್ನಡಿಯವರೆಗೆ ಹೋಗಿ ಬಂದಳು. ನಾನು ಅವಳನ್ನು ನೋಡಲಿಲ್ಲ. ಆ ಮನುಷ್ಯನ ಮುಖವನ್ನೇ ನೋಡುತ್ತಿದ್ದೆ. ಅವನು ಬೂಟಿನ ಮೂತಿ ಒತ್ತಿ ನೋಡಿದ. ಹಿಂದೆ ಬೆರಳು ತೂರಿಸಿ ನೋಡಿದ. ಅವಳ ಕಾಲನ್ನು ಎರಡನೇ ಸಲ ನೋಡಲಿಲ್ಲ. ಆಗಲೇ ಅವನ ಕಣ್ಣು ಬಾಗಿಲಲ್ಲಿ ನಿಂತ ಬೇರೆ ಗಿರಾಕಿಯ ಕಡೆ ಹೋಗಿತ್ತು.

"ಏಕ್ ನಂಬರ್ ಬಡಾ ದೂಂ ಕ್ಯಾ, ಬಾಬಾ? ಬಚ್ಚೀ ಬಢ್ ರಹೀ ಹೈ."

ಹೌದು, ಬೆಳೆಯುವ ಮಗು, ಒಂದು ನಂಬರ್ ದೊಡ್ಡದನ್ನೇ ಕೊಡು ಎಂದೆ.